ಹಾಡಿನ ಆಪ್ ಅಷ್ಟು ಪಾಪದ್ದೇನಲ್ಲ: ಮ್ಯೂಸಿಕ್ ಸ್ಟ್ರೀಮಿಂಗ್, ಸುರಕ್ಷತೆ, ಪ್ರೈವಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಫೋನ್ ವಿಷಯಕ್ಕೆ ಜಗಳ ಆಗುವುದು ರೀಲ್ಸ್‌ಗೆ, ಗೇಮ್‌ಗೆ, ಚಾಟ್‌ಗೆ. ಹಾಡಿನ ಆಪ್ ಮೇಲೆ ಯಾರೂ ಕಣ್ಣಿಡುವುದಿಲ್ಲ. 'ಹಾಡು ಕೇಳ್ತಿದ್ದಾನೆ ಬಿಡು' ಎಂದು ಸುಮ್ಮನಾಗುತ್ತೇವೆ. ಆದರೆ ಅದರಲ್ಲೂ ಪ್ರೊಫೈಲ್ ಇದೆ, ಫಾಲೋವರ್ಸ್ ಇದ್ದಾರೆ, ಕಾಮೆಂಟ್ ಇದೆ, ಕೆಲವು ಕಡೆ ಮೆಸೇಜೂ ಇದೆ. ಅದೂ ಒಂದು ಸೋಶಿಯಲ್ ಮೀಡಿಯಾವೇ, ಗಲಾಟೆ ಕಡಿಮೆ ಅಷ್ಟೆ. ಹದಿಹರೆಯದವರು ಕೇಳುವ ಪ್ರಶ್ನೆಗಳನ್ನೂ ಅವರ ಅಪ್ಪ ಅಮ್ಮ ಕೇಳುವ ಒಂದೆರಡನ್ನೂ ಇಲ್ಲಿ ಸೇರಿಸಿದ್ದೇನೆ. ಮೆನುಗಳ ಹೆಸರು ಆಪ್‌ನಿಂದ ಆಪ್‌ಗೆ, ಅಪ್‌ಡೇಟ್‌ನಿಂದ ಅಪ್‌ಡೇಟ್‌ಗೆ ಬದಲಾಗುತ್ತಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ' ಎಂಬ ಜಾಗ ಹುಡುಕಿದರೆ ಸಾಮಾನ್ಯವಾಗಿ ಬೇಕಾದ್ದು ಸಿಗುತ್ತದೆ.

ನಾನು ಯಾವ ಹಾಡು ಕೇಳ್ತೀನಿ ಅಂತ ಗೊತ್ತಾದರೆ ಯಾರಿಗೆ ಏನು ಲಾಭ?

ಒಂದು ಹಾಡಿನಿಂದ ಏನೂ ಗೊತ್ತಾಗುವುದಿಲ್ಲ. ಮೂರು ತಿಂಗಳ ಹಾಡುಗಳಿಂದ ತುಂಬಾ ಗೊತ್ತಾಗುತ್ತದೆ. ಎಷ್ಟು ಹೊತ್ತಿಗೆ ಏಳುತ್ತೀರಿ, ಯಾವಾಗ ಓದಲು ಕೂರುತ್ತೀರಿ, ಎಷ್ಟು ರಾತ್ರಿ 2 ಗಂಟೆಯವರೆಗೂ ನಿದ್ದೆ ಬಂದಿಲ್ಲ, ಮನೆಯಲ್ಲಿ ಯಾವ ಭಾಷೆ, ಯಾವ ದೇವರ ಹಾಡು, ಒಂದೇ ವಿರಹದ ಹಾಡನ್ನು ವಾರವಿಡೀ ಯಾಕೆ ಕೇಳುತ್ತಿದ್ದೀರಿ. ಇವೆಲ್ಲ ನೀವು ಗೆಳೆಯರಿಗೂ ಹೇಳಿರದ ವಿಷಯಗಳು.

ಕಂಪನಿಗೆ ಇದರಿಂದ ಎರಡು ಉಪಯೋಗ. ಮುಂದಿನ ಹಾಡನ್ನು ಸರಿಯಾಗಿ ಆರಿಸಿದರೆ ನೀವು ಆಪ್ ಬಿಟ್ಟು ಹೋಗುವುದಿಲ್ಲ. ಇನ್ನು ಫ್ರೀ ಪ್ಲಾನ್‌ನಲ್ಲಿ ಇರುವವರಿಗೆ ಯಾವ ಜಾಹೀರಾತು ತೋರಿಸಬೇಕು ಎಂದು ತೀರ್ಮಾನಿಸುವುದಕ್ಕೂ ಇದೇ ಬೇಕು. ಮೂರನೆಯ ಉಪಯೋಗ ಕಂಪನಿಗಲ್ಲ, ನಿಮ್ಮ ಗುರುತಿಲ್ಲದ ಯಾರಿಗೋ. ನಿಮ್ಮ ಜೊತೆ ಮಾತು ಶುರುಮಾಡಬೇಕು ಎಂದುಕೊಂಡವರಿಗೆ 'ಅರೆ, ನಿಂಗೂ ಈ ಬ್ಯಾಂಡ್ ಇಷ್ಟಾನಾ?' ಎನ್ನುವುದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಆಪ್ ನನ್ನ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತದೆ? ನಾನು ನೋಡಬಹುದಾ?

ನೋಡಬಹುದು. ಒಮ್ಮೆಯಾದರೂ ನೋಡಲೇಬೇಕು ಎನ್ನುವವನು ನಾನು. ದೊಡ್ಡ ಆಪ್‌ಗಳೆಲ್ಲ ನಮ್ಮ ಡೇಟಾ ಡೌನ್‌ಲೋಡ್ ಮಾಡಿಕೊಳ್ಳುವ ದಾರಿ ಇಟ್ಟಿವೆ. ಸ್ಪಾಟಿಫೈನಲ್ಲಿ ಅಕೌಂಟ್ ಪುಟದ ಪ್ರೈವಸಿ ವಿಭಾಗದಲ್ಲಿ ಕೇಳಬೇಕು. ಈಚಿನ ಒಂದು ವರ್ಷದ ಮಾಹಿತಿ ಕೆಲವೇ ದಿನಗಳಲ್ಲಿ ಬರುತ್ತದೆ. ಅಕೌಂಟ್ ತೆರೆದ ದಿನದಿಂದ ಹಿಡಿದು ಪೂರ್ತಿ ಪಟ್ಟಿ ಬೇಕು ಎಂದರೆ 30 ದಿನದವರೆಗೂ ಕಾಯಬೇಕಾಗಬಹುದು. ಯೂಟ್ಯೂಬ್ ಮ್ಯೂಸಿಕ್‌ನದು ಗೂಗಲ್ ಟೇಕ್‌ಔಟ್ ಎಂಬ ಗೂಗಲ್‌ನ ಡೇಟಾ ಡೌನ್‌ಲೋಡ್ ಪುಟದಲ್ಲಿ ಸಿಗುತ್ತದೆ. ಆಪಲ್‌ನದಕ್ಕೆ ಅವರದೇ ಬೇರೆ ಪ್ರೈವಸಿ ಪುಟ ಇದೆ.

ಆ ಪೂರ್ತಿ ಪಟ್ಟಿಯಲ್ಲಿ ಕೇಳಿದ ಪ್ರತಿ ಹಾಡಿಗೂ ಒಂದೊಂದು ದಾಖಲೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮಿಲಿಸೆಕೆಂಡ್ ಕೇಳಿದಿರಿ. ನೀವೇ ಒತ್ತಿದ್ದಾ, ಹಿಂದಿನ ಹಾಡು ಮುಗಿದು ತಾನಾಗಿ ಬಂದಿದ್ದಾ. ಯಾಕೆ ನಿಂತಿತು, ಸ್ಕಿಪ್ ಮಾಡಿದಿರಾ, ಶಫಲ್ ಆನ್ ಇತ್ತಾ. ಯಾವ ಫೋನ್, ಯಾವ ದೇಶ, ಯಾವ ಐಪಿ ಅಡ್ರೆಸ್ (ನಿಮ್ಮ ಇಂಟರ್ನೆಟ್ ಸಂಪರ್ಕದ ವಿಳಾಸ). ಗಮನಿಸಿ, ಲೆಕ್ಕ ಸೆಕೆಂಡಿನಲ್ಲಲ್ಲ, ಮಿಲಿಸೆಕೆಂಡಿನಲ್ಲಿ! ನನ್ನ ಫೈಲ್ ತೆರೆದಾಗ ಒಂದು ಪರೀಕ್ಷೆಯ ಹಿಂದಿನ ರಾತ್ರಿ ನಾನು ಒಂದಕ್ಷರವೂ ಓದಿರಲಿಲ್ಲ ಎನ್ನುವುದಕ್ಕೆ ಅಲ್ಲಿ ಪಕ್ಕಾ ಸಾಕ್ಷಿ ಇತ್ತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇದನ್ನು ಕೇಳಿ ಪಡೆಯುವುದು ಕಂಪನಿ ಮಾಡುವ ಉಪಕಾರವೇನಲ್ಲ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಡೇಟಾ ಸಂರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ ಇದು ಅಲ್ಲಿನ ಬಳಕೆದಾರರ ಹಕ್ಕು. ಜನ ಡೇಟಾ ಕೇಳಿದಾಗ ಅದನ್ನು ಹೇಗೆ ಬಳಸಲಾಗುತ್ತದೆ ಎಂದು ಸಾಕಷ್ಟು ಸ್ಪಷ್ಟವಾಗಿ ತಿಳಿಸಲಿಲ್ಲ ಎಂಬ ಕಾರಣಕ್ಕೆ 2023ರ ಜೂನ್‌ನಲ್ಲಿ ಸ್ವೀಡನ್ನಿನ ಡೇಟಾ ಸಂರಕ್ಷಣಾ ಸಂಸ್ಥೆ ಸ್ಪಾಟಿಫೈಗೆ 5.8 ಕೋಟಿ ಸ್ವೀಡಿಷ್ ಕ್ರೋನಾ ದಂಡ ಹಾಕಿತು. ತನ್ನದೇ ದೇಶದಲ್ಲಿ ಹುಟ್ಟಿದ ಕಂಪನಿಗೆ!

ಒಂದು ಎಚ್ಚರಿಕೆ. ಆ ಫೈಲ್ ಕೈಗೆ ಬಂದ ಮೇಲೆ 'ನಿಮ್ಮ ಸಂಗೀತದ ವ್ಯಕ್ತಿತ್ವ ಹೇಳ್ತೀವಿ, ಫೈಲ್ ಇಲ್ಲಿ ಹಾಕಿ' ಎನ್ನುವ ವೆಬ್‌ಸೈಟ್‌ಗಳಿಗೆ ಅದನ್ನು ಕೊಡಬೇಡಿ. ಅದರಲ್ಲಿ ನಿಮ್ಮ ಐಪಿ ಅಡ್ರೆಸ್‌ಗಳೂ ಇರುತ್ತವೆ.

ಪ್ರೈವೇಟ್ ಸೆಷನ್ ಆನ್ ಮಾಡಿದರೆ ಯಾರಿಗೂ ಗೊತ್ತಾಗಲ್ಲ, ಅಲ್ವಾ?

ಪ್ರೈವೇಟ್ ಸೆಷನ್ ಎಂದರೆ ಸ್ವಲ್ಪ ಹೊತ್ತು ಬೇರೆಯವರಿಗೆ ಕಾಣದಂತೆ ಹಾಡು ಕೇಳುವ ಸೆಟ್ಟಿಂಗ್. ಗೆಳೆಯರಿಗೆ ಗೊತ್ತಾಗುವುದಿಲ್ಲ. ಕಂಪನಿಗೆ ಗೊತ್ತಾಗುತ್ತದೆ. ಮೇಲೆ ಹೇಳಿದ ಸ್ಪಾಟಿಫೈ ಪಟ್ಟಿಯಲ್ಲೇ ಪ್ರತಿ ಹಾಡಿನ ಪಕ್ಕ 'ಇನ್‌ಕಾಗ್ನಿಟೋ ಮೋಡ್' ಎಂಬ ಒಂದು ಕಾಲಂ ಇದೆ. ಅಂದರೆ ಬಚ್ಚಿಟ್ಟುಕೊಂಡು ಕೇಳಿದ ಹಾಡನ್ನೂ ಬರೆದುಕೊಂಡು, ಪಕ್ಕದಲ್ಲಿ 'ಇದನ್ನು ಬಚ್ಚಿಟ್ಟುಕೊಂಡು ಕೇಳಿದ' ಎಂದೂ ಬರೆದುಕೊಳ್ಳುತ್ತದೆ. ಜೊತೆಗೆ ಇದು ಒಮ್ಮೆ ಆನ್ ಮಾಡಿದರೆ ಹಾಗೇ ಇರುವ ಸೆಟ್ಟಿಂಗ್ ಅಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಆಫ್ ಆಗುತ್ತದೆ.

ಗೆಳೆಯರ ಕಣ್ಣಿನಿಂದ ಯಾವಾಗಲೂ ತಪ್ಪಿಸಿಕೊಳ್ಳಬೇಕು ಎಂದರೆ 'ಲಿಸನಿಂಗ್ ಆಕ್ಟಿವಿಟಿ' ಹಂಚಿಕೆಯನ್ನೇ ಆಫ್ ಮಾಡಿಬಿಡಿ. ಗೂಗಲ್ ಅಕೌಂಟ್‌ನಲ್ಲಿ ಯೂಟ್ಯೂಬ್ ಹಿಸ್ಟರಿಯನ್ನು ನಿಲ್ಲಿಸಬಹುದು. ಅಥವಾ 3, 18, 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಸಿಹೋಗುವಂತೆ ಇಡಬಹುದು. ನಾನಾದರೆ 3 ತಿಂಗಳು ಇಡುತ್ತೇನೆ. ಹಾಡಿನ ಶಿಫಾರಸು ಸ್ವಲ್ಪ ಸಪ್ಪೆ ಆಗಬಹುದು, ಆಗಲಿ.

ನನ್ನ ಪ್ರೊಫೈಲ್ ಗುರುತಿಲ್ಲದವರಿಗೂ ಕಾಣುತ್ತದಾ?

ಬಹಳ ಸಲ ಕಾಣುತ್ತದೆ. ಮತ್ತು ಅದು ಕಾಣುತ್ತದೆ ಎನ್ನುವುದೇ ನಮಗೆ ಗೊತ್ತಿರುವುದಿಲ್ಲ. ಸ್ಪಾಟಿಫೈನಲ್ಲಿ ನಿಮ್ಮ ಹೆಸರು, ಫೋಟೋ, ಪಬ್ಲಿಕ್ ಆಗಿರುವ ಪ್ಲೇಲಿಸ್ಟ್‌ಗಳು, ಯಾರನ್ನು ಫಾಲೋ ಮಾಡುತ್ತೀರಿ ಎಂಬುದು ಪ್ರೊಫೈಲ್‌ನಲ್ಲಿ ಇರುತ್ತವೆ. ಅಲ್ಲಿ ಫಾಲೋ ರಿಕ್ವೆಸ್ಟ್ ಒಪ್ಪಿಕೊಳ್ಳುವ ಪದ್ಧತಿ ಇಲ್ಲ. ಯಾರು ಬೇಕಾದರೂ ಫಾಲೋ ಮಾಡಬಹುದು. ಬೇಡ ಎಂದರೆ ಬ್ಲಾಕ್ ಮಾಡಬಹುದು. ಆಪಲ್ ಮ್ಯೂಸಿಕ್‌ನಲ್ಲಿ ಪ್ರೊಫೈಲ್ ಮಾಡಲೇಬೇಕು ಎಂದಿಲ್ಲ. ಮಾಡಿದರೂ ನೀವು ಒಪ್ಪಿದವರಿಗೆ ಮಾತ್ರ ಕಾಣುವಂತೆ ಇಡಬಹುದು. ಯೂಟ್ಯೂಬ್ ಮ್ಯೂಸಿಕ್‌ಗೂ ಯೂಟ್ಯೂಬ್‌ಗೂ ಒಂದೇ ಅಕೌಂಟ್ ಎನ್ನುವುದನ್ನು ಜನ ಮರೆಯುತ್ತಾರೆ. ಅಲ್ಲಿ ಪಬ್ಲಿಕ್ ಮಾಡಿದ ಪ್ಲೇಲಿಸ್ಟ್ ಇಲ್ಲಿ ನಿಮ್ಮ ಚಾನೆಲ್ ಪುಟದಲ್ಲಿ ಕೂತಿರುತ್ತದೆ.

ದೊಡ್ಡವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2025ರ ಜುಲೈನಲ್ಲಿ 'ಪನಾಮಾ ಪ್ಲೇಲಿಸ್ಟ್ಸ್' ಎಂಬ ವೆಬ್‌ಸೈಟ್ ಒಂದು ಬಂತು. ಅಮೆರಿಕದ ರಾಜಕಾರಣಿಗಳು, ಪತ್ರಕರ್ತರು, ಟೆಕ್ ಕಂಪನಿಗಳ ದೊಡ್ಡ ತಲೆಗಳು ಕೇಳುವ ಹಾಡುಗಳನ್ನು ಅದು ಬಯಲಿಗಿಟ್ಟಿತು. ಅದಕ್ಕೆ ಹ್ಯಾಕಿಂಗ್ ಬೇಕಾಗಿರಲಿಲ್ಲ. ಅವರು ನಿಜವಾದ ಹೆಸರಿನಲ್ಲಿ ಅಕೌಂಟ್ ತೆರೆದಿದ್ದರು, ಪ್ಲೇಲಿಸ್ಟ್‌ಗಳು ಪಬ್ಲಿಕ್ ಆಗಿದ್ದವು, ಅಷ್ಟೆ. ಸುತ್ತ ಸಲಹೆಗಾರರನ್ನು ಇಟ್ಟುಕೊಂಡವರಿಗೇ ಹೀಗಾದರೆ ಹದಿನಾಲ್ಕರ ಹುಡುಗಿ ಆ ಸೆಟ್ಟಿಂಗ್ ನೋಡಿರುತ್ತಾಳೆ ಎಂದು ನಂಬುವುದು ಹೇಗೆ?

ಮಾಡಬೇಕಾದ್ದು ಹೆಚ್ಚೇನಿಲ್ಲ. ಪೂರ್ತಿ ಹೆಸರಿನ ಬದಲು ಅಡ್ಡಹೆಸರು. ಮುಖದ ಫೋಟೋ ಬದಲು ಏನಾದರೂ ಚಿತ್ರ. ಹೊಸ ಪ್ಲೇಲಿಸ್ಟ್ ತಾನಾಗಿ ಪಬ್ಲಿಕ್ ಆಗದಂತೆ ಸೆಟ್ಟಿಂಗ್. ಹಳೆಯವನ್ನು ಒಂದೊಂದಾಗಿ ತೆರೆದು ಪ್ರೈವೇಟ್ ಮಾಡಬೇಕು, ಇದು ಮಾತ್ರ ಸ್ವಲ್ಪ ತಲೆನೋವು. 'ಪ್ರೊಫೈಲ್‌ನಿಂದ ತೆಗೆ' ಎನ್ನುವುದೂ 'ಪ್ರೈವೇಟ್ ಮಾಡು' ಎನ್ನುವುದೂ ಬೇರೆ ಬೇರೆ ಆಯ್ಕೆ. ಮೊದಲನೆಯದು ಬರೀ ಅಂಗಳದಿಂದ ಎತ್ತಿಡುತ್ತದೆ, ಬಾಗಿಲು ಹಾಕುವುದು ಎರಡನೆಯದು.

ಪ್ಲೇಲಿಸ್ಟ್‌ಗೆ ಇಟ್ಟ ಹೆಸರಿನಿಂದ ಏನು ಗೊತ್ತಾಗುತ್ತೆ?

ನನಗೆ ಗೊತ್ತಿರುವ ಹುಡುಗಿಯೊಬ್ಬಳ ಪ್ಲೇಲಿಸ್ಟ್‌ಗಳನ್ನು ನೋಡಿದಾಗ ಅವಳ ಶಾಲೆಯ ಹೆಸರು, ತರಗತಿ, ಬಸ್ ನಂಬರ್, ಹುಟ್ಟಿದ ದಿನ, ಇಷ್ಟಪಡುವ ಹುಡುಗನ ಹೆಸರಿನ ಮೊದಲ ಅಕ್ಷರ ಎಲ್ಲವೂ ಸಿಕ್ಕವು. ಐದು ಪ್ಲೇಲಿಸ್ಟ್, ಐದು ವಿಷಯ. ಅವಳು ಯಾವುದನ್ನೂ ಯಾರಿಗೂ ಹೇಳಿರಲಿಲ್ಲ, ಹೆಸರಿಟ್ಟಿದ್ದಳು ಅಷ್ಟೆ. ಕವರ್ ಫೋಟೋದಲ್ಲಿ ಯೂನಿಫಾರ್ಮ್ ಬೇರೆ.

ಹಾಡಿನ ಆಪ್‌ನಲ್ಲಿ ಮೆಸೇಜೇ ಇಲ್ಲವಲ್ಲ, ಯಾರು ಹೇಗೆ ತೊಂದರೆ ಕೊಡ್ತಾರೆ?

ಮೊದಲನೆಯದಾಗಿ, ಮೆಸೇಜ್ ಇಲ್ಲ ಎನ್ನುವುದು ಈಗ ನಿಜವಲ್ಲ. ಸ್ಪಾಟಿಫೈ 2025ರ ಆಗಸ್ಟ್‌ನಲ್ಲಿ ಮೆಸೇಜ್ ಸೌಲಭ್ಯ ತಂದಿತು, 16 ವರ್ಷ ತುಂಬಿದವರಿಗೆ. ಸಿಕ್ಕಸಿಕ್ಕವರಿಗೆಲ್ಲ ಕಳಿಸಲು ಆಗುವುದಿಲ್ಲ. ಮೊದಲೇ ಏನಾದರೂ ಹಂಚಿಕೊಂಡಿರಬೇಕು, ಒಂದೇ ಫ್ಯಾಮಿಲಿ ಪ್ಲಾನ್‌ನಲ್ಲಿರಬೇಕು ಅಥವಾ ಜಾಮ್ (ಒಟ್ಟಿಗೆ ಒಂದೇ ಹಾಡು ಕೇಳುವುದು), ಬ್ಲೆಂಡ್ (ಎಲ್ಲರ ಇಷ್ಟ ಬೆರೆಸಿ ಆಪ್ ಮಾಡುವ ಪ್ಲೇಲಿಸ್ಟ್), ಸೇರಿ ಮಾಡುವ ಪ್ಲೇಲಿಸ್ಟ್ ಯಾವುದಾದರೂ ಒಂದರಲ್ಲಿ ಒಟ್ಟಿಗೆ ಇದ್ದಿರಬೇಕು. ಅಂದರೆ ಗುರುತಿಲ್ಲದವರ ಜೊತೆ ಸೇರಿ ಒಂದು ಪ್ಲೇಲಿಸ್ಟ್ ಮಾಡಿದರೆ ಅವರಿಗೆ ಮೆಸೇಜ್ ಕಳಿಸುವ ದಾರಿಯನ್ನೂ ತೆರೆದಂತಾಯಿತು. ರಿಕ್ವೆಸ್ಟ್ ಬಂದಾಗ ಬೇಡ ಎನ್ನಬಹುದು. ಸೆಟ್ಟಿಂಗ್ಸ್‌ನಲ್ಲಿ ಪೂರ್ತಿಯಾಗಿ ಆಫ್ ಮಾಡಲೂಬಹುದು. ಸೌಂಡ್‌ಕ್ಲೌಡ್ ಎಂಬ ಹಾಡಿನ ಆಪ್‌ನಲ್ಲಿ ಮೆಸೇಜ್ ಎಷ್ಟೋ ವರ್ಷಗಳಿಂದ ಇದೆ, ಹಾಡಿನ ನಡುನಡುವೆ ಕಾಮೆಂಟೂ ಹಾಕಬಹುದು. ಯೂಟ್ಯೂಬ್‌ನ ಕಾಮೆಂಟ್ ಬಗ್ಗೆ ಹೇಳುವುದೇ ಬೇಡ.

ಎರಡನೆಯದು, ಮೆಸೇಜ್ ಇಲ್ಲದೆಯೂ ಮಾತಾಡಬಹುದು. ಪ್ಲೇಲಿಸ್ಟ್‌ನ ಹೆಸರನ್ನೇ ಮೆಸೇಜಿನಂತೆ ಬದಲಾಯಿಸುತ್ತಾ, ಕವರ್ ಚಿತ್ರದ ಜಾಗದಲ್ಲಿ ಫೋಟೋ ಹಾಕಿಸಿಕೊಳ್ಳುತ್ತಾ ಒಬ್ಬ ಪುಟ್ಟ ಹುಡುಗಿಯನ್ನು ಬಲೆಗೆ ಬೀಳಿಸಿದ ಪ್ರಕರಣ ಬ್ರಿಟನ್ನಿನಲ್ಲಿ ಬೆಳಕಿಗೆ ಬಂದಿದೆ. ಮನೆಯವರ ಕಣ್ಣಿಗೆ ಅವಳು ಹಾಡು ಕೇಳುತ್ತಿದ್ದಳು.

ಇಂಥವರ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಹಾಡಿನ ಬಗ್ಗೆ ಹೊಗಳಿಕೆ: 'ನಿನ್ನ ಟೇಸ್ಟ್ ನಿನ್ನ ವಯಸ್ಸಿನವರದ್ದಲ್ಲ.' ಆಮೇಲೆ ನಿಮಗಾಗಿಯೇ ಒಂದು ಪ್ಲೇಲಿಸ್ಟ್. ಆಮೇಲೆ 'ಇಲ್ಲಿ ಮಾತಾಡೋದು ಕಷ್ಟ, ಬೇರೆ ಆಪ್‌ಗೆ ಬಾ.' ಆಮೇಲೆ 'ಇದು ನಮ್ಮಿಬ್ಬರ ಗುಟ್ಟು.' ಬೇರೆ ಆಪ್‌ಗೆ ಕರೆದ ಕ್ಷಣದಲ್ಲೇ ನಿಲ್ಲಿಸಿ. ಕಾರಣ ಹೇಳಬೇಕಾಗಿಲ್ಲ, ಸಭ್ಯತೆಯೂ ಬೇಕಾಗಿಲ್ಲ. ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ಅದಕ್ಕೂ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಯಾಕೆಂದರೆ ಪ್ಲೇಲಿಸ್ಟ್ ಹೆಸರು ಬದಲಾಯಿಸಿದರೆ ಸಾಕ್ಷಿ ಹೋಯಿತು.

ಹಾಗೆ ಪರಿಚಯ ಆದವರಿಗೆ ಫೋಟೋ ಕಳಿಸಿಬಿಟ್ಟಿದ್ದೀನಿ. ಈಗ ಹೆದರಿಸುತ್ತಿದ್ದಾರೆ.

ತಪ್ಪು ಹೆದರಿಸುವವರದ್ದು. ಇದನ್ನು ಮೊದಲು ನಂಬಿ. ದುಡ್ಡು ಕೊಡಬೇಡಿ, ಇನ್ನೊಂದು ಫೋಟೋ ಕಳಿಸಬೇಡಿ. ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ, ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ನಂಬಿಕೆಯ ದೊಡ್ಡವರೊಬ್ಬರಿಗೆ ಇವತ್ತೇ ಹೇಳಿ: ಅಪ್ಪ, ಅಮ್ಮ, ಚಿಕ್ಕಮ್ಮ, ಟೀಚರ್, ಯಾರು ಬೈಯದೆ ಕೇಳಿಸಿಕೊಳ್ಳುತ್ತಾರೋ ಅವರು. ಅವರ ಜೊತೆ ಪೊಲೀಸರ ಬಳಿ ಹೋಗಿ.

ಫೋಟೋದಲ್ಲಿ ಇರುವಾಗ ನಿಮಗೆ 18 ತುಂಬಿರಲಿಲ್ಲ ಎಂದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ಇದನ್ನು ನಡೆಸುತ್ತದೆ. ಬೇರೆ ದೇಶದವರೂ ಬಳಸಬಹುದು, ಹೆಸರು ಹೇಳಬೇಕಾಗಿಲ್ಲ. ಫೋಟೋ ನಿಮ್ಮ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಹೋಗುತ್ತದೆ. ಈ ಸೇವೆಗೆ ಸೇರಿಕೊಂಡಿರುವ ಕಂಪನಿಗಳು ಆ ಕೋಡ್‌ಗೆ ಹೊಂದುವ ಚಿತ್ರವನ್ನು ತಮ್ಮ ಜಾಗದಲ್ಲಿ ಹುಡುಕಿ ತೆಗೆಯುತ್ತವೆ.

ಅಕೌಂಟ್ ತೆರೆಯುವಾಗ ವಯಸ್ಸು ಜಾಸ್ತಿ ಹಾಕಿದ್ದೀನಿ. ಎಲ್ಲರೂ ಹಾಕ್ತಾರೆ. ಏನಾಗುತ್ತೆ?

ಎಲ್ಲರೂ ಹಾಕುತ್ತಾರೆ, ನಿಜ. ಆದರೆ ಮಕ್ಕಳಿಗೆಂದು ಕಾನೂನು ಕೊಟ್ಟಿರುವ ರಕ್ಷಣೆಯೆಲ್ಲ ಆ ಒಂದು ಸುಳ್ಳಿನಿಂದ ಹೋಗುತ್ತದೆ. ಅಮೆರಿಕದಲ್ಲಿ 1998ರ ಕೊಪ್ಪಾ ಕಾನೂನಿನ ಪ್ರಕಾರ 13 ವರ್ಷದ ಒಳಗಿನವರ ಮಾಹಿತಿ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಬಹಳ ಆಪ್‌ಗಳು 13 ಎನ್ನುವುದು ಇದರಿಂದಲೇ. ಯುರೋಪಿನಲ್ಲಿ ಆ ಗೆರೆ 16, ಆದರೆ ಪ್ರತಿ ದೇಶವೂ 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಕೆಲವು ವಿನಾಯಿತಿ ಬಿಟ್ಟರೆ, ಅವರ ಚಲನವಲನ ಗಮನಿಸಿ ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ ಆ ಕಾಯ್ದೆ.

ಅಮೆರಿಕದ ಕಾನೂನು ಸುಮ್ನೆ ಕಾಗದದ ಮೇಲಿಲ್ಲ. ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆದರೆ ನೀವು 25 ವರ್ಷ ಎಂದು ಹಾಕಿದ್ದರೆ ಆಪ್ ನಿಮ್ಮನ್ನು 25ರವರಂತೆಯೇ ನೋಡುತ್ತದೆ. ಜಾಹೀರಾತೂ ಹಾಗೇ, ಮೆಸೇಜೂ ಹಾಗೇ. ಇನ್ನೊಂದು ತೊಂದರೆ, ಮುಂದೆ ಅಕೌಂಟ್ ಕಳೆದುಹೋದಾಗ ಹುಟ್ಟಿದ ದಿನ ಕೇಳಿದರೆ ಹಾಕಿದ್ದ ಸುಳ್ಳು ನೆನಪಿರುವುದಿಲ್ಲ.

ಮುಖ ಸ್ಕ್ಯಾನ್ ಮಾಡಿ ವಯಸ್ಸು ತೋರಿಸು ಅಂತ ಕೇಳ್ತಿದೆ. ಮಾಡಬೇಕಾ?

ಬ್ರಿಟನ್ನಿನಲ್ಲಿ 2025ರಿಂದ ಸ್ಪಾಟಿಫೈ ಕೆಲವು ವಿಡಿಯೊಗಳಿಗೆ ಹೀಗೆ ಕೇಳುತ್ತಿದೆ. ಯೋಟಿ ಎಂಬ ಕಂಪನಿ ಮುಖ ನೋಡಿ ವಯಸ್ಸನ್ನು ಅಂದಾಜು ಮಾಡುತ್ತದೆ. ಅದು ಒಪ್ಪದಿದ್ದರೆ ಗುರುತಿನ ಚೀಟಿ. ನನ್ನ ಲೆಕ್ಕದಲ್ಲಿ ಚೀಟಿ ಕೊಡುವುದೇ ಹೆಚ್ಚು ಅಪಾಯದ್ದು. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆಪ್‌ಗಾಗಿ ಕೆಲಸ ಮಾಡುತ್ತಿದ್ದ ಹೊರಗಿನ ಕಂಪನಿಯಿಂದ ಸುಮಾರು 70,000 ಜನರ ಗುರುತಿನ ಚೀಟಿ ಫೋಟೋಗಳು ಸೋರಿರಬಹುದು ಎಂದು ಡಿಸ್ಕಾರ್ಡ್ ತಾನೇ ಹೇಳಿತು. ಒಂದು ವಿಡಿಯೊಗಾಗಿ ಚೀಟಿ ಕೊಡಬೇಕಾ ಎಂದು ಕೇಳಿಕೊಳ್ಳಿ. ಇಮೇಲ್‌ನಲ್ಲಿ ಲಿಂಕ್ ಕಳಿಸಿ 'ವಯಸ್ಸು ದೃಢಪಡಿಸಿ' ಎಂದರೆ ಆ ಲಿಂಕ್ ಒತ್ತಲೇಬೇಡಿ, ಆಪ್ ಒಳಗೆ ಹೋಗಿ ನೋಡಿ.

ಹಾಡಿನ ಆಪ್‌ನ ಪಾಸ್‌ವರ್ಡ್ ಕದ್ದು ಯಾರಿಗೆ ಏನು ಸಿಗುತ್ತೆ?

ದುಡ್ಡು ಕಟ್ಟಿರುವ ಅಕೌಂಟ್ ಅಗ್ಗಕ್ಕೆ ಮಾರಾಟವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದೇ ಪಾಸ್‌ವರ್ಡ್ ನಿಮ್ಮ ಇಮೇಲ್‌ಗೂ ಇರಬಹುದು ಎನ್ನುವುದು ಕಳ್ಳರಿಗೆ ಗೊತ್ತು.

2020ರ ಕತೆ ಕೇಳಿ. ಬೀಗವಿಲ್ಲದೆ ಬಿದ್ದಿದ್ದ ಒಂದು ಡೇಟಾಬೇಸ್ ಸಂಶೋಧಕರ ಕಣ್ಣಿಗೆ ಬಿತ್ತು. ಅದರಲ್ಲಿ 38 ಕೋಟಿ ದಾಖಲೆಗಳಿದ್ದವು, ಸ್ಪಾಟಿಫೈಗೆ ಹಾಕಿ ನೋಡುತ್ತಿದ್ದ ಲಾಗಿನ್‌ಗಳೂ ಅದರಲ್ಲಿದ್ದವು. ಸುಮಾರು 3 ಲಕ್ಷಕ್ಕೂ ಹೆಚ್ಚು ಜನರ ಅಕೌಂಟ್ ಅಪಾಯದಲ್ಲಿತ್ತು. ಸ್ಪಾಟಿಫೈ ಅವರ ಪಾಸ್‌ವರ್ಡ್ ಬದಲಿಸಬೇಕಾಯಿತು. ಆದರೆ ಆ ಪಾಸ್‌ವರ್ಡ್‌ಗಳು ಸ್ಪಾಟಿಫೈನಿಂದ ಸೋರಿದ್ದಲ್ಲ. ಬೇರೆಲ್ಲೋ ಸೋರಿದ್ದನ್ನು ತಂದು ಇಲ್ಲಿ ಹಾಕಿ ನೋಡಿದ್ದರು. ಜನ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದರಿಂದ ಬಾಗಿಲು ತೆರೆಯಿತು.

ಆಪ್‌ನಲ್ಲಿ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವುದು) ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಗೂಗಲ್ ಅಥವಾ ಆಪಲ್ ಅಕೌಂಟ್ ಮೂಲಕ ಲಾಗಿನ್ ಆಗಿ, ಆ ಅಕೌಂಟ್‌ಗೆ ಎರಡು ಹಂತ ಹಾಕಿಡಿ.

ನಾನು ಕೇಳದ ಹಾಡುಗಳು ಹಿಸ್ಟರಿಯಲ್ಲಿವೆ. ಭೂತವಾ?

ಮೊದಲು ತಮ್ಮನನ್ನು ವಿಚಾರಿಸಿ. ಅವನಲ್ಲ ಎಂದರೆ ಬೇರೆ ಯಾರೋ ಒಳಗಿದ್ದಾರೆ. ಹಾಡು ನಡುವೆ ನಿಂತು ಬೇರೆ ಯಾವುದೋ ಡಿವೈಸ್‌ನಲ್ಲಿ ಶುರುವಾಗುವುದು, ನೀವು ಮಾಡದ ಪ್ಲೇಲಿಸ್ಟ್ ಕಾಣುವುದು, ಕೇಳರಿಯದ ಭಾಷೆಯ ಹಾಡು ನೂರಾರು ಸಲ ಓಡಿರುವುದು, ಎಲ್ಲ ಇದರ ಗುರುತು. ಪಾಸ್‌ವರ್ಡ್ ಬದಲಿಸಿ, 'ಎಲ್ಲ ಕಡೆಯಿಂದ ಸೈನ್ ಔಟ್' ಒತ್ತಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಒಳಗಿರುವವರು ಒಳಗೇ ಉಳಿಯಬಹುದು. ಆಮೇಲೆ 'ಸೇರಿಸಿದ ಆಪ್‌ಗಳು' ಎಂಬ ಪಟ್ಟಿ ನೋಡಿ. ಎಂದೋ ಒಂದು ಕ್ವಿಜ್ ಆಡಲು ಅನುಮತಿ ಕೊಟ್ಟ ವೆಬ್‌ಸೈಟ್ ಇನ್ನೂ ಅಲ್ಲೇ ಕೂತಿರುತ್ತದೆ. ಡಿಸ್ಕಾರ್ಡ್‌ಗೆ ಸ್ಪಾಟಿಫೈ ಸೇರಿಸಿದ್ದರೆ ಈ ಕ್ಷಣ ಯಾವ ಹಾಡು ಕೇಳುತ್ತಿದ್ದೀರಿ ಎಂದು ಅಲ್ಲಿನವರಿಗೆ ಕಾಣಬಹುದು ಎನ್ನುವುದೂ ನೆನಪಿರಲಿ. ರಾತ್ರಿ ಮಲಗಿದ್ದೆ ಎಂದು ಹೇಳುವ ಮೊದಲು ಇದನ್ನು ಯೋಚಿಸಿ.

ನಮ್ಮ ಫ್ಯಾನ್ ಗ್ರೂಪ್‌ನಲ್ಲಿ ಹೊಸ ಹಾಡಿಗೆ ಸ್ಟ್ರೀಮ್ ಜಾಸ್ತಿ ಮಾಡೋಕೆ ಅಕೌಂಟ್ ಕೊಡಿ ಅಂತಾರೆ. ಕೊಡಬಹುದಾ?

ಬೇಡ. ಅಭಿಮಾನ ಅರ್ಥವಾಗುತ್ತದೆ, ಆದರೆ ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಇಮೇಲ್, ಹುಟ್ಟಿದ ದಿನ, ಪ್ಲಾನ್ ವಿವರ ಎಲ್ಲವನ್ನೂ ಕೊಟ್ಟಂತೆ. ಗ್ರೂಪ್ ಅಡ್ಮಿನ್ ಯಾರು, ಎಷ್ಟು ವಯಸ್ಸು, ಎಲ್ಲಿಯವರು ಎನ್ನುವುದೂ ನಿಮಗೆ ಗೊತ್ತಿರುವುದಿಲ್ಲ. ಮೇಲಾಗಿ ಯಂತ್ರದಂತೆ ಓಡಿಸಿದ ಸ್ಟ್ರೀಮ್‌ಗಳನ್ನು ಆಪ್‌ಗಳು ಗುರುತಿಸಿ ಲೆಕ್ಕದಿಂದ ತೆಗೆಯುತ್ತವೆ. ನಿಮ್ಮ ನಟನಿಗೂ ಗಾಯಕಿಗೂ ಅದರಿಂದ ನಷ್ಟವೇ. ನಿಮ್ಮ ಫೋನಿನಲ್ಲಿ ನೀವೇ ಹತ್ತು ಸಲ ಕೇಳಿ, ಸಾಕು.

ಹಾಡು ಕೇಳಿ ಲೈಕ್ ಮಾಡಿದರೆ ದುಡ್ಡು ಕೊಡ್ತೀವಿ ಅಂತ ಮೆಸೇಜ್ ಬಂದಿದೆ.

ಮೋಸ. ಮೊದಲು ಸ್ವಲ್ಪ ದುಡ್ಡು ನಿಜವಾಗಿಯೂ ಬರುತ್ತದೆ, ಅದೇ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಆಮೇಲೆ 'ದೊಡ್ಡ ಟಾಸ್ಕ್‌ಗೆ ನೀವು ಮೊದಲು ಹಣ ಹಾಕಿ' ಎನ್ನುತ್ತಾರೆ. ಬ್ಯಾಂಕ್ ಖಾತೆ ಕೊಟ್ಟರೆ ಕದ್ದ ದುಡ್ಡು ಅದರ ಮೂಲಕ ಹರಿಯುವ ಅಪಾಯವೂ ಇದೆ.

ಜಾಹೀರಾತು ಇಲ್ಲದ 'ಮಾಡ್' ಆಪ್ ಗೆಳೆಯ ಕಳಿಸಿದ್ದಾನೆ. ಎಲ್ಲರೂ ಬಳಸ್ತಾರೆ.

ಎಪಿಕೆ ಫೈಲ್ (ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಫೈಲ್) ಆಗಿ ಬರುವ ಇಂಥ ಆಪ್ ಅನ್ನು ಯಾರೋ ಬಿಚ್ಚಿ, ಬದಲಾಯಿಸಿ, ಮತ್ತೆ ಕಟ್ಟಿರುತ್ತಾರೆ. ಜಾಹೀರಾತು ತೆಗೆದಿದ್ದು ಕಾಣುತ್ತದೆ, ಏನು ಸೇರಿಸಿದರು ಎನ್ನುವುದು ಕಾಣುವುದಿಲ್ಲ. ಅದಕ್ಕೆ ಹಾಕುವ ಪಾಸ್‌ವರ್ಡ್ ಎಲ್ಲಿಗೆ ಹೋಗುತ್ತದೆ ಎಂದೂ ಹೇಳಲಾಗದು. ಹಾಡಿನ ಆಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಅದು ಒಟಿಪಿ ಕದಿಯಲು ಬಂದಿದೆ ಎಂದೇ ತಿಳಿಯಿರಿ. ಅಗ್ಗದ ದರಕ್ಕೆ 'ಫ್ಯಾಮಿಲಿ ಪ್ಲಾನ್‌ನಲ್ಲಿ ಒಂದು ಜಾಗ' ಮಾರುವವರೂ ಇದೇ ಜಾತಿ. ಕೆಲವರು ನಿಮ್ಮ ಪಾಸ್‌ವರ್ಡ್ ಕೇಳುತ್ತಾರೆ, ಎಲ್ಲರೂ ದುಡ್ಡು ತೆಗೆದುಕೊಂಡು ಒಂದು ದಿನ ಮಾಯವಾಗುತ್ತಾರೆ.

ಎಕ್ಸ್‌ಪ್ಲಿಸಿಟ್ ಫಿಲ್ಟರ್ ಹಾಕಿದರೆ ಮಕ್ಕಳಿಗೆ ಬೇಡದ್ದು ಬರುವುದಿಲ್ಲ ತಾನೇ?

ಕಡಿಮೆ ಬರುತ್ತದೆ. ಹಾಡಿಗೆ 'ಎಕ್ಸ್‌ಪ್ಲಿಸಿಟ್', ಅಂದರೆ ಬೈಗುಳ, ಅಶ್ಲೀಲ ಮಾತು ಇದೆ ಎಂಬ ಗುರುತು ಹಾಕುವುದು ಬಹುಪಾಲು ಹಾಡಿನ ಹಕ್ಕುದಾರರೇ. ಅವರು ಹಾಕದಿದ್ದರೆ ಫಿಲ್ಟರ್‌ಗೆ ಗೊತ್ತಾಗುವುದಿಲ್ಲ. ಬೈಗುಳ ಇಲ್ಲದೆಯೂ ಹಾಡು ಕೆಟ್ಟದಾಗಿರಬಹುದು, ಅದಂತೂ ಯಾವ ಫಿಲ್ಟರ್‌ಗೂ ಸಿಗದು.

ಪಾಡ್‌ಕಾಸ್ಟ್ ಇನ್ನೂ ಸಡಿಲ. 2025ರ ಮೇ ತಿಂಗಳಲ್ಲಿ ಸ್ಪಾಟಿಫೈನಲ್ಲಿ ಔಷಧಿಗಳ ಹೆಸರಿನ ನಕಲಿ ಪಾಡ್‌ಕಾಸ್ಟ್‌ಗಳು ಪತ್ರಕರ್ತರ ಕಣ್ಣಿಗೆ ಬಿದ್ದವು. ಕೆಲವು ಹತ್ತು ಸೆಕೆಂಡಿನಷ್ಟೂ ಇರಲಿಲ್ಲ. ಕೆಳಗೆ ವಿವರಣೆಯ ಜಾಗದಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಔಷಧಿ ಮಾರುವ ಲಿಂಕ್. ಪತ್ರಕರ್ತರು ತೋರಿಸಿದ ಮೇಲೆ ಅವುಗಳನ್ನು ತೆಗೆದರು. ಪಾಡ್‌ಕಾಸ್ಟ್ ಮತ್ತು ಪ್ಲೇಲಿಸ್ಟ್ ವಿವರಣೆಯಲ್ಲಿರುವ ಲಿಂಕ್ ಒತ್ತಬಾರದು ಎನ್ನುವುದನ್ನು ಮಕ್ಕಳಿಗೆ ಹೇಳಿಕೊಡಿ. ಚಿಕ್ಕವರಿಗೆ ಮಕ್ಕಳ ಆಪ್ ಅಥವಾ ಫ್ಯಾಮಿಲಿ ಪ್ಲಾನ್ ಒಳಗಿನ ಮಕ್ಕಳ ಅಕೌಂಟ್ ಮೇಲು.

ಆಪ್ ಮೈಕ್ ಮೂಲಕ ನಮ್ಮ ಮಾತು ಕೇಳುತ್ತದಾ?

ಮಾತಾಡಿ ಹಾಡು ಹುಡುಕುವುದಾದರೆ ಮೈಕ್ ಬೇಕು. ಇಲ್ಲದಿದ್ದರೆ ಬೇಡ, ತೆಗೆದುಬಿಡಿ. ಜನರ ಭಯಕ್ಕೆ ಒಂದು ಕಾರಣ ಇದೆ. ಮಾತಿನ ಧ್ವನಿಯಿಂದ ಮನಸ್ಸಿನ ಸ್ಥಿತಿ, ವಯಸ್ಸು ಇತ್ಯಾದಿ ಊಹಿಸಿ ಹಾಡು ಸೂಚಿಸುವ ವಿಧಾನಕ್ಕೆ ಸ್ಪಾಟಿಫೈಗೆ 2021ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಕಲಾವಿದರೂ ಮಾನವ ಹಕ್ಕು ಸಂಘಟನೆಗಳೂ ಸೇರಿ ವಿರೋಧದ ಪತ್ರ ಬರೆದರು. ಅದನ್ನು ಬಳಸಿಲ್ಲ, ಬಳಸುವ ಯೋಚನೆಯೂ ಇಲ್ಲ ಎಂದು ಕಂಪನಿ ಹೇಳಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅನುಮತಿ ಕೊಡದಿದ್ದರೆ ನಂಬುವ ಪ್ರಶ್ನೆಯೇ ಬರುವುದಿಲ್ಲ. ಲೊಕೇಶನ್, ಕಾಂಟ್ಯಾಕ್ಟ್ಸ್‌ಗೂ ಇದೇ ಮಾತು. ಹಾಡಲು ಅವು ಬೇಕಾಗಿಲ್ಲ.

ನಾನೇ ಹಾಡಿ ಅಪ್‌ಲೋಡ್ ಮಾಡ್ತೀನಿ. ಏನು ನೋಡಿಕೊಳ್ಳಬೇಕು?

ಕಲಾವಿದರ ಹೆಸರು ಬೇರೆ, ಮನೆಯ ಹೆಸರು ಬೇರೆ ಇರಲಿ. ಸಂಪರ್ಕಕ್ಕೆ ಬೇರೆ ಇಮೇಲ್ ಮಾಡಿ. 'ದುಡ್ಡು ಕೊಟ್ಟರೆ ದೊಡ್ಡ ಪ್ಲೇಲಿಸ್ಟ್‌ಗೆ ಹಾಕಿಸ್ತೀವಿ, ಲಕ್ಷ ಸ್ಟ್ರೀಮ್ ಗ್ಯಾರಂಟಿ' ಎನ್ನುವವರು ಬಾಟ್ (ತಾನಾಗಿ ಹಾಡು ಓಡಿಸುವ ಪ್ರೋಗ್ರಾಂ) ಓಡಿಸುತ್ತಾರೆ. ಸಿಕ್ಕಿಬಿದ್ದರೆ ತೆಗೆದುಹಾಕುವುದು ನಿಮ್ಮ ಹಾಡನ್ನು. ಕೆಟ್ಟ ಕಾಮೆಂಟ್‌ಗಳಿಗೆ ಉತ್ತರ ಕೊಡುವ ಚಪಲ ಬರುತ್ತದೆ. ಅದನ್ನು ನುಂಗಿಕೊಂಡು ಡಿಲೀಟ್ ಒತ್ತಿ.

ನಾನು ಅಮ್ಮ. ಮಗಳ ಹಿಸ್ಟರಿ ನೋಡಬಹುದಾ?

ಚಿಕ್ಕ ಮಗು ಆಗಿದ್ದರೆ ಜೊತೆಯಲ್ಲೇ ಕೂತು ನೋಡಿ. ಹದಿನಾರರ ಮಗಳಾದರೆ ಕದ್ದು ನೋಡಬೇಡಿ ಎನ್ನುತ್ತೇನೆ, ನೀವು ಒಪ್ಪದಿರಬಹುದು. ಹಾಡಿನ ಪಟ್ಟಿ ಡೈರಿ ಇದ್ದಂತೆ. ದುಃಖದ ಹಾಡು ಕೇಳುವವರೆಲ್ಲ ದುಃಖದಲ್ಲಿ ಇರುವುದಿಲ್ಲ. ನಿಮ್ಮ ಕಾಲದ ಕ್ಯಾಸೆಟ್‌ಗಳನ್ನು ನೆನಪಿಸಿಕೊಳ್ಳಿ. ನೋಡಬೇಕಾದ್ದು ಯಾವ ಹಾಡು ಎನ್ನುವುದನ್ನಲ್ಲ. ಪ್ರೊಫೈಲ್ ಪಬ್ಲಿಕ್ ಇದೆಯಾ, ಫಾಲೋವರ್ಸ್ ಪಟ್ಟಿಯಲ್ಲಿ ಗುರುತಿಲ್ಲದ ದೊಡ್ಡವರಿದ್ದಾರಾ, ಸೇರಿ ಮಾಡಿದ ಪ್ಲೇಲಿಸ್ಟ್‌ಗಳಲ್ಲಿ ಯಾರಿದ್ದಾರೆ. ಇದನ್ನು ಇಬ್ಬರೂ ಒಟ್ಟಿಗೆ ಕೂತು ಅರ್ಧ ಗಂಟೆಯಲ್ಲಿ ಮುಗಿಸಬಹುದು. ನಿಮ್ಮ ಪ್ರೊಫೈಲನ್ನೂ ಅವಳಿಗೆ ತೋರಿಸಿ. ನಿಮ್ಮದೇ ಪಬ್ಲಿಕ್ ಆಗಿರುವ ಸಾಧ್ಯತೆ ಜಾಸ್ತಿ.

ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಅಕೌಂಟ್ ಹೋಗುತ್ತದಾ?

ಇಲ್ಲ. ಫೋನಿನಿಂದ ಆಪ್ ಹೋಗುತ್ತದೆ. ಪ್ರೊಫೈಲ್, ಪ್ಲೇಲಿಸ್ಟ್, ಹಿಸ್ಟರಿ ಎಲ್ಲ ಅಲ್ಲೇ ಇರುತ್ತವೆ. ದುಡ್ಡು ಕಟ್ಟುವ ಪ್ಲಾನ್ ಇದ್ದರೆ ಅದೂ ತಿಂಗಳು ತಿಂಗಳು ಕಡಿತ ಆಗುತ್ತಲೇ ಇರುತ್ತದೆ. ಮೊದಲು ಪ್ಲಾನ್ ರದ್ದು ಮಾಡಿ. ಬೇಕಾದರೆ ಡೇಟಾ ಡೌನ್‌ಲೋಡ್ ಕೇಳಿ, ಅದು ಕೈಗೆ ಬರುವವರೆಗೂ ಕಾಯಿರಿ. ಆಮೇಲೆ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ಅಕೌಂಟ್ ಮುಚ್ಚುವ ಪುಟ ಹುಡುಕಿ. ಸ್ಪಾಟಿಫೈನಲ್ಲಿ ಮುಚ್ಚಿದ ಮೇಲೆ ಮನಸ್ಸು ಬದಲಾದರೆ 7 ದಿನ ಅವಕಾಶ ಇರುತ್ತದೆ, ಇಮೇಲ್‌ಗೆ ಬಂದ ಲಿಂಕ್ ಒತ್ತಿ ವಾಪಸ್ ಪಡೆಯಬಹುದು. ಶಾಲೆಯಲ್ಲಿದ್ದಾಗ ಮಾಡಿ ಮರೆತ ಹಳೇ ಅಕೌಂಟ್ ಇದ್ದರೆ ಹೊಸದಕ್ಕಿಂತ ಮೊದಲು ಅದನ್ನು ಮುಚ್ಚಿ. ಸುಲಭದ ಪಾಸ್‌ವರ್ಡ್, ನಿಜವಾದ ಹೆಸರು, ಯೂನಿಫಾರ್ಮ್ ಹಾಕಿದ ಫೋಟೋ ಎಲ್ಲ ಇರುವುದು ಅದರಲ್ಲೇ.